ಅತ್ತೆಯ ಕಾಲಿಗೆ ಸಿಕ್ಕ ವೈರು

ಹೋದ ವರ್ಷ ಆಷಾಢದ ಒಂದು ಸಂಜೆ, ಏಳು ಗಂಟೆ ಆಗಿರಬಹುದು, ಮಳೆಗೆ ಕರೆಂಟ್ ಹೋಯಿತು. ನಡುಮನೆಯಲ್ಲಿ ಇನ್ವರ್ಟರಿನ ಒಂದೇ ದೀಪ. ಅತ್ತೆ ದೇವರಮನೆಯಿಂದ ಎದ್ದು ಬರುತ್ತಿದ್ದರು. ನನ್ನ ಮೇಜಿನಿಂದ ಗೋಡೆಯ ಪ್ಲಗ್ಗಿಗೆ ಅಡ್ಡಲಾಗಿ ಎಳೆದಿದ್ದ ಚಾರ್ಜರಿನ ವೈರು ಅವರ ಕಾಲ್ಬೆರಳಿಗೆ ಸಿಕ್ಕಿಕೊಂಡಿತು. ಕುರ್ಚಿ ಹಿಡಿಯಲು ಹೋದರು, ಕುರ್ಚಿಯೂ ಜಾರಿತು. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ಅವರು ನೆಲದಲ್ಲಿ ಕೂತಿದ್ದರು, ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು. ಲ್ಯಾಪ್‌ಟಾಪ್ ಮೇಜಿನ ಅಂಚಿಗೆ ಬಂದು ಇನ್ನೇನು ಬೀಳುವ ಹಾಗೆ ನಿಂತಿತ್ತು.

"ನಿನ್ನ ಕಂಪ್ಯೂಟರಿಗೆ ಏನೂ ಆಗಲಿಲ್ಲ ತಾನೆ?" ಅಂದರು, ಮೊದಲ ಮಾತು ಅದೇ.

ಮೂಳೆ ಮುರಿದಿರಲಿಲ್ಲ. ಎಕ್ಸ್‌ರೇ ತೆಗೆಸಿ, ಕ್ರೇಪ್ ಬ್ಯಾಂಡೇಜ್ ಕಟ್ಟಿಸಿಕೊಂಡು ಬಂದೆವು. ಮೂರು ವಾರ ಅವರಿಗೆ ಹೂವು ಕಟ್ಟಲು ಆಗಲಿಲ್ಲ. ಎಪ್ಪತ್ನಾಲ್ಕು ವರ್ಷದವರು, ಒಂದು ಮಂಡಿಗೆ ಆಪರೇಷನ್ ಆಗಿದೆ. ಅವರು ದಿನಕ್ಕೆ ಹತ್ತು ಸಲ ಓಡಾಡುವ ದಾರಿಯಲ್ಲಿ ನಾನು ಎರಡು ವರ್ಷ ವೈರು ಎಳೆದಿಟ್ಟಿದ್ದೆ. ಅವರು ಹಿಂದೆಯೂ ಒಂದೆರಡು ಸಲ ಹೇಳಿದ್ದರು, "ಏನಮ್ಮಾ ಇದು, ಮನೆಯೆಲ್ಲಾ ಬಳ್ಳಿ ಹಬ್ಬಿಸಿದ ಹಾಗಿದೆ" ಅಂತ. ನಾನು ಹೂಂಗುಟ್ಟಿ ಸುಮ್ಮನಾಗಿದ್ದೆ.

ಅವತ್ತು ರಾತ್ರಿ ಟಾರ್ಚ್ ಹಿಡಿದು ಮೇಜಿನ ಕೆಳಗೆ ಕೂತು ಎಣಿಸಿದೆ. ಎಂಟು ವೈರು. ಮಾನಿಟರಿನ ಪವರ್ ಒಂದು, ಟೇಬಲ್ ಲ್ಯಾಂಪಿನದು ಒಂದು. ಉಳಿದ ಆರೂ ಲ್ಯಾಪ್‌ಟಾಪಿಗೆ: ಚಾರ್ಜರ್, ಮಾನಿಟರಿಗೆ ಹೋಗುವ ಎಚ್‌ಡಿಎಂಐ, ಕೀಬೋರ್ಡ್, ಮೌಸ್, ಬ್ಯಾಕಪ್ ಹಾರ್ಡ್ ಡಿಸ್ಕ್, ಇಂಟರ್‌ನೆಟ್ಟಿನ ಲ್ಯಾನ್.

ನನ್ನ ಕೆಲಸ ಪುಸ್ತಕಗಳ ಪುಟ ವಿನ್ಯಾಸ. ಮೈಸೂರಿನಲ್ಲಿ ಮನೆಯಿಂದಲೇ ಮಾಡುತ್ತೇನೆ. ಹೆಚ್ಚಿನವು ಡೆಮಿ 1/8 ಅಳತೆಯ ಕನ್ನಡ ಪುಸ್ತಕಗಳು. ಮೇಜು ನನ್ನೊಬ್ಬಳದೇ ಅಲ್ಲ. ಬೆಳಿಗ್ಗೆ ಒಂಬತ್ತರಿಂದ ನಾಲ್ಕೂವರೆವರೆಗೆ ನನ್ನದು, ಆಮೇಲೆ ಮಗಳ ಓದಿನ ಮೇಜು. ಹಾಗಾಗಿ ಆ ಆರು ವೈರನ್ನೂ ದಿನಾ ಚುಚ್ಚಬೇಕು, ದಿನಾ ಕೀಳಬೇಕು. ಕಿತ್ತ ಮೇಲೆ ಅವು ನೆಲಕ್ಕೆ ಬೀಳುತ್ತವೆ. ವೈರಿಲ್ಲದ ಮೇಜಿನ ಚಂದದ ಫೋಟೋಗಳನ್ನು ನಾನೂ ನೋಡಿದ್ದೇನೆ. ನನಗೆ ಬೇಕಾಗಿದ್ದು ಮಾತ್ರ ಬೇರೆ. ಬೇಗ ಕೂರಬೇಕು, ಬೇಗ ಏಳಬೇಕು, ಎದ್ದ ಮೇಲೆ ನೆಲದ ಮೇಲೆ ಏನೂ ಇರಬಾರದು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. 1,400 ರೂಪಾಯಿ ಕೊಟ್ಟು ಒಂದು ಟೈಪ್-ಸಿ ಹಬ್ ತಂದೆ. ಬೆರಳುದ್ದದ ಡಬ್ಬಿ, ಒಂದು ಕಡೆ ಎಚ್‌ಡಿಎಂಐ, ಲ್ಯಾನ್, ಮೂರು ಯುಎಸ್‌ಬಿ ತೂತು, ಚಾರ್ಜರ್ ಹಾಕಲು ಇನ್ನೊಂದು ತೂತು. ಇನ್ನೊಂದು ಕಡೆ ಗೇಣುದ್ದದ ಬಾಲ, ಅದು ಲ್ಯಾಪ್‌ಟಾಪಿಗೆ. ಮೊದಲ ದಿನ ತುಂಬ ಖುಷಿಯಾಯಿತು. ಎರಡನೆಯ ದಿನ ಮೇಜು ನೋಡಿದರೆ ವೈರುಗಳು ಒಂದೂ ಕಡಿಮೆಯಾಗಿರಲಿಲ್ಲ. ಲ್ಯಾಪ್‌ಟಾಪಿನ ಬದಿಯಲ್ಲಿದ್ದವು ಹಬ್ಬಿನ ಬದಿಗೆ ಹೋಗಿದ್ದವು, ಅಷ್ಟೇ. ಆರು ವೈರಿನ ಭಾರಕ್ಕೆ ಆ ಡಬ್ಬಿ ಮೇಜಿನ ಅಂಚಿನಿಂದ ಜೋತುಬಿದ್ದು, ಲ್ಯಾಪ್‌ಟಾಪಿನ ತೂತನ್ನು ಕೆಳಕ್ಕೆ ಜಗ್ಗುತ್ತಿತ್ತು.

ಜೊತೆಗೆ ಎರಡು ತೊಂದರೆ ಬಂತು. ನನ್ನ ಚಾರ್ಜರ್ 65 ವ್ಯಾಟಿನದು. ಹಬ್ ತನ್ನ ಪಾಲು ಅಂತ ಸ್ವಲ್ಪ ಇಟ್ಟುಕೊಂಡು ಉಳಿದದ್ದನ್ನು ಲ್ಯಾಪ್‌ಟಾಪಿಗೆ ಬಿಡುತ್ತದೆ, ಹಾಗಾಗಿ "ಚಾರ್ಜಿಂಗ್ ನಿಧಾನ" ಎಂಬ ಸಂದೇಶ ಬರತೊಡಗಿತು. ಇನ್ನೊಂದು, ಮೌಸ್. ಹಬ್ ತಂದ ಮೇಲೆ ಒಂದು ವೈರಾದರೂ ಕಡಿಮೆಯಾಗಲಿ ಅಂತ ವೈರ್‌ಲೆಸ್ ಮೌಸ್ ತಂದಿದ್ದೆ, ಉಗುರಿನಷ್ಟು ರಿಸೀವರ್ ಚುಚ್ಚುವಂಥದ್ದು. ಹಬ್ಬಿಗೆ ಹಾಕಿದರೆ ಪಾಯಿಂಟರ್ ಅಲ್ಲಲ್ಲಿ ಹಿಡಿದು ಹಿಡಿದು ಓಡುತ್ತಿತ್ತು. ಹಾರ್ಡ್ ಡಿಸ್ಕಿಗೆ ಫೈಲು ಕಾಪಿ ಆಗುವಾಗ ಇನ್ನೂ ಜಾಸ್ತಿ. ಮೌಸೇ ಸರಿಯಿಲ್ಲ ಅಂದುಕೊಂಡು ಸೆಲ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಓದಿ ತಿಳಿದದ್ದು: ಯುಎಸ್‌ಬಿ 3 (ಫೈಲುಗಳು ಹೋಗುವ ವೇಗದ ದಾರಿ) ಕೆಲಸ ಮಾಡುವಾಗ ಅದರ ವೈರು, ತೂತುಗಳಿಂದ ಹೊರಡುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತ ಹರಡುತ್ತದೆ. ಈ ಮೌಸುಗಳು ಮಾತಾಡುವುದೂ ಅಲ್ಲೇ. ಇಂಟೆಲ್ ಕಂಪನಿ 2012ರಲ್ಲೇ ಇದರ ಬಗ್ಗೆ ಒಂದು ಪ್ರಬಂಧ ಹೊರಡಿಸಿದೆ. ರಿಸೀವರನ್ನು ಒಂದು ಮೊಳದ ಎಕ್ಸ್‌ಟೆನ್ಷನ್ ವೈರಿಗೆ ಹಾಕಿ ದೂರ ಇಟ್ಟೆ, ಪಾಯಿಂಟರ್ ನೀರಿನ ಹಾಗೆ ಓಡಿತು. ವೈರು ಉಳಿಸಲು ತಂದ ಮೌಸಿಗೆ ಒಂದು ವೈರು! ಕೊನೆಗೆ ರಿಸೀವರ್ ಬೇಡದ ಬ್ಲೂಟೂತ್ ಮೌಸ್ ತಂದೆ. ಅದೂ 2.4ರಲ್ಲೇ ಮಾತಾಡುತ್ತದೆ, ಆದರೆ ಅದರ ಆಂಟೆನಾ ಲ್ಯಾಪ್‌ಟಾಪಿನ ಒಳಗಿದೆ, ಹಬ್ಬಿಗೆ ಅಂಟಿಕೊಂಡಿಲ್ಲ. ಈವರೆಗೆ ತೊಂದರೆ ಕೊಟ್ಟಿಲ್ಲ.

ಕೀಬೋರ್ಡ್ ಮಾತ್ರ ವೈರಿನದೇ ಇಟ್ಟುಕೊಂಡೆ. ದಿನಕ್ಕೆ ಗಂಟೆಗಟ್ಟಲೆ ಕರಡು ತಿದ್ದುವವಳು ನಾನು, ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಬೆರಳು ತಾನಾಗಿ ಓಡುತ್ತದೆ. ಆ ಓಟದ ನಡುವೆ ಒಂದು ಒತ್ತು ತಪ್ಪಿದರೂ ಅಕ್ಷರ ಬೇರೆಯಾಗುತ್ತದೆ. ಬ್ಯಾಟರಿ ಮುಗಿದು ಕೀ ಬಿಟ್ಟುಹೋಗುವುದನ್ನು ನಾನು ಸಹಿಸಲಾರೆ. ಒಂದು ವೈರು ಅಷ್ಟರಮಟ್ಟಿಗೆ ಇರಲಿ ಅಂತ ತೀರ್ಮಾನಿಸಿದೆ.

ನಾನು ಈ ಕೆಲಸ ಕಲಿತದ್ದು 2001ರಲ್ಲಿ, ಒಂದು ಡಿಟಿಪಿ ಅಂಗಡಿಯಲ್ಲಿ. ಅಲ್ಲಿನ ಕಂಪ್ಯೂಟರಿನ ಬೆನ್ನು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೀಬೋರ್ಡಿಗೆ ನೇರಳೆ ಬಣ್ಣದ ತೂತು, ಮೌಸಿಗೆ ಹಸಿರು, ಮಾನಿಟರಿಗೆ ನೀಲಿ, ಪ್ರಿಂಟರಿಗೆ ಗುಲಾಬಿ ಬಣ್ಣದ ಉದ್ದನೆಯದು. ಕೊನೆಯ ಎರಡಕ್ಕೆ ಎರಡೂ ಬದಿಯ ಸ್ಕ್ರೂ ತಿರುಗಿಸಿ ಬಿಗಿ ಮಾಡಬೇಕಿತ್ತು. ಕೀಬೋರ್ಡು, ಮೌಸಿನವು ಬಿಟ್ಟರೆ ಒಂದರ ಪಿನ್ನು ಇನ್ನೊಂದಕ್ಕೆ ಹೋಗುತ್ತಲೇ ಇರಲಿಲ್ಲ. ಇವೆಲ್ಲದರ ಜಾಗಕ್ಕೆ ಒಂದೇ ಬಗೆಯ ತೂತು ಬರಲಿ ಎಂದು 1996ರಲ್ಲಿ ಯುಎಸ್‌ಬಿ ಬಂತು. ಅದನ್ನು ರೂಪಿಸಿದವರಲ್ಲಿ ಪ್ರಮುಖರಾದ ಅಜಯ್ ಭಟ್ ಬರೋಡಾದಲ್ಲಿ ಓದಿದವರು. 2014ರಲ್ಲಿ ಟೈಪ್-ಸಿ ಬಂತು, 24 ಪಿನ್ನು, ಮೇಲೆ ಕೆಳಗೆ ಅಂತಿಲ್ಲ, ಹೇಗೆ ಚುಚ್ಚಿದರೂ ಕೂರುತ್ತದೆ. ಕರೆಂಟು, ಚಿತ್ರ, ಫೈಲು ಮೂರೂ ಅದರಲ್ಲೇ ಹೋಗಬಹುದು. ಆದರೆ ಆ "ಬಹುದು" ಎನ್ನುವ ಪದದ ಬೆಲೆ ನನಗೆ ಆಮೇಲೆ ಗೊತ್ತಾಯಿತು. ಅಂದು ತೂತಿನ ಬಣ್ಣ ನೋಡಿದರೆ ಏನು ಹೋಗುತ್ತದೆ ಅಂತ ಮಗುವೂ ಹೇಳುತ್ತಿತ್ತು. ಇಂದು ತೂತು ಒಂದೇ ತರಹ, ವೈರು ಒಂದೇ ತರಹ, ಒಳಗೆ ಏನು ಹೋಗುತ್ತದೆ ಅನ್ನುವುದನ್ನು ನಾವೇ ಕೇಳಿ ತಿಳಿಯಬೇಕು.

ದಸರಾ ಮುಗಿದ ಮೇಲೆ ಹಳೆಯ 24 ಇಂಚಿನ ಮಾನಿಟರ್ ಕೊಟ್ಟು, ಮೇಲೆ ದುಡ್ಡು ಹಾಕಿ, 27 ಇಂಚಿನ 4ಕೆ ಮಾನಿಟರ್ ತಂದೆ. ಅದರ ಬೆನ್ನಲ್ಲಿ ಟೈಪ್-ಸಿ ತೂತಿದೆ. ಅಲ್ಲಿಂದ ಒಂದೇ ಕೇಬಲ್ ಎಳೆದರೆ ಲ್ಯಾಪ್‌ಟಾಪಿನ ಚಿತ್ರ ಅದಕ್ಕೆ ಹೋಗುತ್ತದೆ, ಅದರಿಂದ 65 ವ್ಯಾಟ್ ಚಾರ್ಜ್ ಇದಕ್ಕೆ ಬರುತ್ತದೆ, ಮಾನಿಟರಿನ ಬೆನ್ನಿನ ಯುಎಸ್‌ಬಿ ತೂತುಗಳಿಗೆ ಕೀಬೋರ್ಡು, ಲ್ಯಾನ್ ಅಡಾಪ್ಟರ್ ಹಾಕಿಟ್ಟರೆ ಅವೂ ಅದೇ ಕೇಬಲ್ಲಿನಲ್ಲಿ ಬರುತ್ತವೆ. ಹಬ್ಬೂ ಬೇಡ, ಚಾರ್ಜರೂ ಬೇಡ. ಸುಮಾರು ಮೂವತ್ತು ಸಾವಿರ ಆಯಿತು. ನಮ್ಮ ಮನೆಯವರು "ವೈರು ಕಡಿಮೆ ಮಾಡೋಕೆ ಇಷ್ಟು ದುಡ್ಡಾ?" ಅಂದರು. ವೈರಿಗೆ ಮಾತ್ರ ಅಲ್ಲ ಅಂತ ತೋರಿಸಿದೆ. 27 ಇಂಚಿನ ಪರದೆಯಲ್ಲಿ ಎರಡು ಡೆಮಿ ಪುಟಗಳು ಅಕ್ಕಪಕ್ಕದಲ್ಲಿ ಅಸಲು ಅಳತೆಯಲ್ಲೇ ಕೂತು, ಉಪಕರಣಗಳ ಪಟ್ಟಿಗೂ ಜಾಗ ಮಿಗುತ್ತದೆ. ಹಳೆಯದರಲ್ಲಿ ಇಂಚಿಗೆ 92 ಚುಕ್ಕೆ, ಇದರಲ್ಲಿ 163. 'ರಾಷ್ಟ್ರ' ಎನ್ನುವ ಪದವನ್ನೇ ತೆಗೆದುಕೊಳ್ಳಿ. ಷ ಕೆಳಗೆ ಟ ಒತ್ತು, ಅದರ ಪಕ್ಕಕ್ಕೆ ರ ಒತ್ತು. 11 ಪಾಯಿಂಟ್ ಅಕ್ಷರದಲ್ಲಿ ಆ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೋ ಇಲ್ಲವೋ ಹಳೆಯ ಪರದೆಯಲ್ಲಿ ಗೊತ್ತಾಗುತ್ತಿರಲಿಲ್ಲ, ದೊಡ್ಡದು ಮಾಡಿ ಮಾಡಿ ನೋಡಬೇಕಿತ್ತು. ಇದರಲ್ಲಿ ಕೂತಲ್ಲಿಂದಲೇ ಕಾಣುತ್ತದೆ.

ಮಾನಿಟರಿನ ಜೊತೆ ಬಂದ ಕೇಬಲ್ ಒಂದು ಮೀಟರಿನದು. ಮೇಜಿನ ಹಿಂದಿನಿಂದ ಇಳಿಸಿ, ಕೆಳಗೆ ತಂದು, ಮೇಲಕ್ಕೆ ಎತ್ತಲು ಸಾಲಲಿಲ್ಲ. ಮನೆಯಲ್ಲಿ ಫೋನ್ ಚಾರ್ಜರಿನ ಜೊತೆ ಬಂದಿದ್ದ ಎರಡು ಮೀಟರಿನ ದಪ್ಪ ಹೆಣಿಗೆಯ ಕೇಬಲ್ ಇತ್ತು, ಎರಡೂ ತುದಿ ಟೈಪ್-ಸಿ. ಹಾಕಿದೆ. ಚಾರ್ಜ್ ಆಗುತ್ತಿದೆ, ಪರದೆ ಮಾತ್ರ ಕತ್ತಲು. ಅರ್ಧ ಗಂಟೆ ಮಾನಿಟರೇ ಕೆಟ್ಟಿದೆ ಅಂದುಕೊಂಡು ಒದ್ದಾಡಿದೆ. ಕೆಟ್ಟಿರಲಿಲ್ಲ. ಚಾರ್ಜಿಂಗಿಗೆಂದೇ ಮಾಡಿದ ಕೇಬಲ್ಲುಗಳ ಒಳಗೆ ಕರೆಂಟಿನ ತಂತಿಗಳೂ ಹಳೆಯ ಯುಎಸ್‌ಬಿ 2ರ ತಂತಿ ಜೋಡಿಯೂ ಮಾತ್ರ ಇರುತ್ತವೆ. ಚಿತ್ರ ಹೋಗುವ ವೇಗದ ತಂತಿಗಳನ್ನು ಹಾಕಿಯೇ ಇರುವುದಿಲ್ಲ. ಹೊರಗಿನ ಹೆಣಿಗೆ ಎಷ್ಟೇ ದಪ್ಪಗಿದ್ದರೂ ಒಳಗೆ ತಂತಿ ಇಲ್ಲದಿದ್ದರೆ ಇಲ್ಲ.

ಆ ವಾರ ಒಬ್ಬ ಪ್ರಕಾಶಕರನ್ನು ನೋಡಲು ಬೆಂಗಳೂರಿಗೆ ಹೋಗಬೇಕಿತ್ತು. ಹಾಗೇ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋದೆ. ನಾಲ್ಕು ಅಂಗಡಿಯಲ್ಲಿ "ಟೈಪ್-ಸಿ ಕೇಬಲ್" ಅಂದರೆ ನಾಲ್ಕು ಕಡೆಯೂ ಚಾರ್ಜಿಂಗ್ ಕೇಬಲ್ಲನ್ನೇ ಕೊಟ್ಟರು. ಐದನೆಯ ಅಂಗಡಿಯ ಹುಡುಗ, "ಮಾನಿಟರಿಗಾ ಮೇಡಂ? ಹಂಗಾದ್ರೆ ಇದಲ್ಲ" ಅಂತ ಒಳಗಿನಿಂದ ಬೇರೆ ತಂದ. ಕವರಿನ ಮೇಲೆ ಮೂರು ವಿಷಯ ಇರುವುದನ್ನು ಬೆರಳಿಟ್ಟು ತೋರಿಸಿದ. ವೇಗ, ಅಂದರೆ ಸೆಕೆಂಡಿಗೆ 5 ಅಥವಾ 10 ಗಿಗಾಬಿಟ್, ಬರೀ 480 ಮೆಗಾಬಿಟ್ ಅಂತಿದ್ದರೆ ಅದು ಚಾರ್ಜಿಂಗಿನದು. 4ಕೆ ವಿಡಿಯೋ ಅಂತ ಬರೆದಿರಬೇಕು. ಮೂರನೆಯದು 100 ವ್ಯಾಟ್. 60 ವ್ಯಾಟ್‌ವರೆಗೆ, ಅಂದರೆ 20 ವೋಲ್ಟಿನಲ್ಲಿ 3 ಆಂಪಿಯರ್‌ವರೆಗೆ, ಮಾಮೂಲಿ ಕೇಬಲ್ ಸಾಕು. ಅದಕ್ಕಿಂತ ಮೇಲೆ ಹೋಗಬೇಕಾದರೆ ಕೇಬಲ್ಲಿನ ತುದಿಯೊಳಗೆ ಒಂದು ಪುಟ್ಟ ಚಿಪ್ ಇರಬೇಕು, ಅದು "ನಾನು 5 ಆಂಪಿಯರ್ ತಡೆಯುತ್ತೇನೆ" ಅಂತ ಎರಡೂ ಕಡೆಗೆ ಹೇಳಬೇಕು. ಹೇಳದಿದ್ದರೆ 65 ವ್ಯಾಟಿನ ಮಾನಿಟರೂ 60 ದಾಟುವುದಿಲ್ಲ. ಎರಡು ಮೀಟರಿನದಕ್ಕೆ 900 ರೂಪಾಯಿ ಆಯಿತು. ಇನ್ನೂ ವೇಗದ 40 ಗಿಗಾಬಿಟ್ಟಿನ ಕೇಬಲ್ ಕೇಳಿದೆ. "ಅದು ನಿಮಗೆ ಬೇಡ, ಅಷ್ಟುದ್ದಕ್ಕೆ ಹೋದ್ರೆ ರೇಟೂ ಜಾಸ್ತಿ" ಅಂದ. ಮಾರುವವನೇ ಬೇಡ ಅಂದದ್ದು ನನಗೆ ಹಿಡಿಸಿತು. ಅವನು ಹೇಳಿದ್ದು ಸರಿಯೂ ಹೌದು, ಅಂಥ ಮಾಮೂಲಿ ಕೇಬಲ್ಲುಗಳು ಮುಕ್ಕಾಲು ಮೀಟರಿನ ಆಸುಪಾಸಿಗೇ ನಿಲ್ಲುತ್ತವೆ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಆ ಕೇಬಲ್ಲಿನ ಎರಡೂ ತುದಿಗೆ ಕೆಂಪು ದಾರ ಸುತ್ತಿ ಗಂಟು ಹಾಕಿದ್ದು. ಒಂದೇ ತರಹ ಕಾಣುವ ಏಳು ಕೇಬಲ್ಲು ಮನೆಯಲ್ಲಿವೆ, ಇದು ಅವುಗಳ ಜೊತೆ ಬೆರೆತರೆ ಮತ್ತೆ ಹುಡುಕಲು ಆಗುವುದಿಲ್ಲ.

ಚಿತ್ರ ಬಂತು, ಆದರೆ ಪುಟ ಸರಿಸಿದರೆ ತೆವಳುತ್ತಿತ್ತು. ಸೆಟಿಂಗ್ ನೋಡಿದರೆ 30 ಹರ್ಟ್ಸ್, ಅಂದರೆ ಸೆಕೆಂಡಿಗೆ ಮೂವತ್ತೇ ಸಲ ಪರದೆ ಹೊಸದಾಗುತ್ತಿದೆ. ದಿನವಿಡೀ ಸಾಲು ಸಾಲಾಗಿ ಓದುವವರಿಗೆ ಅದು ಕಣ್ಣಿಗೆ ಮರಳು ಬಿದ್ದ ಹಾಗೆ. ಇದರ ಕಾರಣ ಅರ್ಥವಾದದ್ದು ಲೆಕ್ಕ ಹಾಕಿದಾಗ. 4ಕೆ ಅಂದರೆ 3840 ಗುಣಿಸು 2160, ಸುಮಾರು 83 ಲಕ್ಷ ಚುಕ್ಕೆ. ಒಂದೊಂದಕ್ಕೆ 24 ಬಿಟ್ ಬಣ್ಣ, ಸೆಕೆಂಡಿಗೆ 60 ಸಲ. ಹತ್ತಿರ ಹತ್ತಿರ 12 ಗಿಗಾಬಿಟ್ ಆಯಿತು. ಟೈಪ್-ಸಿಯೊಳಗೆ ವೇಗದ ದಾರಿಗಳು ನಾಲ್ಕು. ಮಾನಿಟರ್ ಅವುಗಳಲ್ಲಿ ಎರಡನ್ನು ಫೈಲುಗಳಿಗೆ ಬಿಟ್ಟುಕೊಟ್ಟು, ಎರಡರಲ್ಲಿ ಚಿತ್ರ ತರಿಸುತ್ತಿತ್ತು. ನನ್ನ ಲ್ಯಾಪ್‌ಟಾಪ್ 2020ರದು, ಅದರ ಚಿತ್ರ ಕಳಿಸುವ ವ್ಯವಸ್ಥೆಯಾದ ಡಿಸ್‌ಪ್ಲೇಪೋರ್ಟ್ 1.2ನೇ ಆವೃತ್ತಿಯದು, ಎರಡು ದಾರಿಯಲ್ಲಿ 8.6 ಗಿಗಾಬಿಟ್ ಮಾತ್ರ ಸಾಗಿಸುತ್ತದೆ. 12 ಹಿಡಿಸದ ಕಡೆ ಅದು ಅರ್ಧಕ್ಕೆ ಇಳಿದಿತ್ತು.

ಪರಿಹಾರ ಮಾನಿಟರಿನ ಮೆನುವಿನಲ್ಲೇ ಇತ್ತು. ಹಿಂಬದಿಯ ಗುಂಡಿ ಒತ್ತಿ ಹುಡುಕಿದರೆ ಯುಎಸ್‌ಬಿ-ಸಿ ಆದ್ಯತೆ ಅಂತ ಒಂದು ಆಯ್ಕೆ: ಫೈಲಿನ ವೇಗ ಬೇಕೋ, ಚಿತ್ರದ ಗುಣಮಟ್ಟ ಬೇಕೋ. ಎರಡನೆಯದನ್ನು ಆರಿಸಿದೆ. ಪರದೆ ಒಮ್ಮೆ ಕಪ್ಪಾಗಿ ಬಂತು, 60 ಹರ್ಟ್ಸ್. ನಾಲ್ಕೂ ದಾರಿ ಚಿತ್ರಕ್ಕೆ ಹೋದವು. ಕೀಬೋರ್ಡು, ಲ್ಯಾನ್ ಹಳೆಯ ಯುಎಸ್‌ಬಿ 2ರ ತಂತಿಯಲ್ಲಿ ಉಳಿದವು, 480 ಮೆಗಾಬಿಟ್. ಕೀಬೋರ್ಡಿಗೆ ಅದರಲ್ಲಿ ಒಂದು ಚೂರೂ ಬೇಡ, ನಮ್ಮ ಮನೆಯ ಇಂಟರ್‌ನೆಟ್ ಇರುವುದೇ 100. ಹಾರ್ಡ್ ಡಿಸ್ಕ್ ಮಾತ್ರ ಆ ದಾರಿಯಲ್ಲಿ ತೀರಾ ನಿಧಾನ. ಅದನ್ನು ಮಾನಿಟರಿನಿಂದ ಬಿಡಿಸಿ, ಶನಿವಾರ ಬ್ಯಾಕಪ್ ಮಾಡುವಾಗ ಲ್ಯಾಪ್‌ಟಾಪಿನ ಇನ್ನೊಂದು ತೂತಿಗೆ ನೇರವಾಗಿ ಹಾಕುತ್ತೇನೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್‌ಪ್ಲೇಪೋರ್ಟ್ 1.4 ಇರುತ್ತದೆ, ಮಾನಿಟರೂ ಒಪ್ಪಿದರೆ ಅಲ್ಲಿ ಎರಡೇ ದಾರಿಯಲ್ಲಿ 12.9 ಗಿಗಾಬಿಟ್ ಹೋಗುತ್ತದೆ, ಈ ಕಸರತ್ತು ಬೇಕಾಗುವುದಿಲ್ಲ.

ಹಾರ್ಡ್ ಡಿಸ್ಕ್ ಬಿಡಿಸಲು ಇನ್ನೊಂದು ಕಾರಣವೂ ಇದೆ. ಮೊದಲ ವಾರ ಅದು ಮಾನಿಟರಿನ ಬೆನ್ನಿಗೇ ಇತ್ತು. ಕಾಪಿ ಆಗುತ್ತಿರುವಾಗ ಕರೆಂಟ್ ಹೋಯಿತು. ಮಾನಿಟರ್ ಆರಿತು, ಅದರ ಜೊತೆಗೇ ಕೀಬೋರ್ಡು, ಲ್ಯಾನ್, ಹಾರ್ಡ್ ಡಿಸ್ಕ್ ಎಲ್ಲವೂ ಒಟ್ಟಿಗೆ ಹೋದವು. ಒಂದು ಕಾದಂಬರಿಯ ಅಂತಿಮ ಕರಡಿನ ಬ್ಯಾಕಪ್ ಪ್ರತಿ ಮತ್ತೆ ತೆರೆಯಲಿಲ್ಲ. ಅಸಲು ಲ್ಯಾಪ್‌ಟಾಪಿನಲ್ಲಿತ್ತು, ಹಾಗಾಗಿ ಬಚಾವಾದೆ. ಎಲ್ಲವನ್ನೂ ಒಂದು ಕೇಬಲ್ಲಿಗೆ ಕಟ್ಟಿದರೆ ಆ ಒಂದು ಕಿತ್ತಾಗ ಎಲ್ಲವೂ ಕಿತ್ತ ಹಾಗೆ. ಈಗ ಕೆಂಪು ದಾರ ಮುಟ್ಟುವ ಮುಂಚೆ ಹಾರ್ಡ್ ಡಿಸ್ಕ್ ಎಜೆಕ್ಟ್ ಆಗಿದೆಯಾ ಅಂತ ನೋಡುವುದು ಕೈಗೆ ಅಭ್ಯಾಸವಾಗಿದೆ. ಮಗಳಿಗೂ ಕಲಿಸಿದ್ದೇನೆ.

ಇದೇ ಕಾರಣಕ್ಕೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಮೇಜಿನ ಹತ್ತಿರದ ಪ್ಲಗ್ಗನ್ನು ಇನ್ವರ್ಟರ್ ಲೈನಿಗೆ ಸೇರಿಸಲು ಹೇಳಿದೆ. ಅವರು ಬೋರ್ಡು ಬಿಚ್ಚಿದಾಗ ಇನ್ನೊಂದು ವಿಷಯ ಹೊರಬಿತ್ತು. ನನ್ನ ಲ್ಯಾಪ್‌ಟಾಪಿನ ಮೈ ಲೋಹದ್ದು. ಚಾರ್ಜಿಗೆ ಹಾಕಿ ಅಂಗೈ ಊರಿದರೆ ಸಣ್ಣಗೆ ಜುಮ್ ಅನ್ನುತ್ತಿತ್ತು, ಇರುವೆ ಹರಿದ ಹಾಗೆ. ಚಾರ್ಜರ್ ಎರಡು ಪಿನ್ನಿನದು, ಅದರೊಳಗಿನಿಂದ ಸೋರುವ ಅತಿ ಸಣ್ಣ ಕರೆಂಟಿಗೆ ಭೂಮಿಗೆ ಇಳಿಯುವ ದಾರಿ ಇರಲಿಲ್ಲ. ಮಾನಿಟರಿನ ಪವರ್ ವೈರು ಮೂರು ಪಿನ್ನಿನದು, ಕೇಬಲ್ಲಿನ ಲೋಹದ ಹೊದಿಕೆಯ ಮೂಲಕ ಲ್ಯಾಪ್‌ಟಾಪಿಗೂ ಅರ್ಥಿಂಗ್ ಸಿಗಬೇಕಿತ್ತು. ಆದರೂ ಜುಮ್ ನಿಂತಿರಲಿಲ್ಲ. ಬೋರ್ಡು ಬಿಚ್ಚಿ ನೋಡಿದರೆ ಮೂರನೆಯ ತೂತಿಗೆ ತಂತಿಯೇ ಕೊಟ್ಟಿರಲಿಲ್ಲ! ಹಸಿರು ತಂತಿ ಪೈಪಿನೊಳಗೆ ಮಡಚಿಕೊಂಡು ಬಿದ್ದಿತ್ತು, ಮನೆ ಕಟ್ಟಿದಾಗಿನಿಂದ. ಅದನ್ನು ಎಳೆದು ಜೋಡಿಸಿದರು. ಅವತ್ತಿನಿಂದ ಜುಮ್ ಇಲ್ಲ. ಲೋಹದ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುವವರು ಒಮ್ಮೆ ತಮ್ಮ ಪ್ಲಗ್ಗಿನ ಅರ್ಥಿಂಗ್ ಪರೀಕ್ಷೆ ಮಾಡಿಸಿ ಅಂತ ಕೇಳಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಮಿಕ್ಸಿ ಬೋರ್ಡನ್ನೂ ಅವತ್ತೇ ತೋರಿಸಿದೆವು.

ಉಳಿದದ್ದು ಬಡಗಿಯ ಕೆಲಸ. ಹಲವು ಪ್ಲಗ್ಗು ಹಾಕುವ ಸ್ಪೈಕ್ ಬಸ್ಟರನ್ನು ಮೇಜಿನ ಹಲಗೆಯ ಅಡಿಗೆ ಸ್ಕ್ರೂ ಹಾಕಿ ಕೂರಿಸಿದರು. ಮಾನಿಟರ್, ಲ್ಯಾಂಪ್ ಅಲ್ಲಿಗೇ ಬರುತ್ತವೆ. ಮೇಜನ್ನು ಒಂದೂವರೆ ಅಡಿ ಸರಿಸಿ ಪ್ಲಗ್ಗಿನ ಗೋಡೆಗೆ ಒತ್ತಿಟ್ಟೆವು. ಇಷ್ಟನ್ನು ಎರಡು ವರ್ಷದ ಹಿಂದೆಯೇ, ಒಂದು ಪೈಸೆ ಖರ್ಚಿಲ್ಲದೆ ಮಾಡಬಹುದಿತ್ತು. ಮಾಡದೆ ಹೋದೆ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತದೆ. ಸ್ಪೈಕ್ ಬಸ್ಟರಿನಿಂದ ಗೋಡೆಗೆ ಒಂದು ವೈರು, ಮೇಜಿನ ಕಾಲಿನ ಒಳಬದಿಗೆ ಕ್ಲಿಪ್ ಹೊಡೆದಿದೆ. ರೂಟರಿನಿಂದ ಬರುವ ಲ್ಯಾನ್ ಅದರ ಜೊತೆಗೇ ಹತ್ತುತ್ತದೆ. ಕೆಂಪು ದಾರದ ಕೇಬಲ್ ಮೇಜಿನ ಬಲ ಅಂಚಿನಲ್ಲಿ ಒಂದು ಕ್ಲಿಪ್ಪಿನಿಂದ ಗೇಣುದ್ದ ತಲೆ ಎತ್ತಿ ನಿಂತಿದೆ, ಕಿತ್ತರೂ ನೆಲಕ್ಕೆ ಬೀಳುವುದಿಲ್ಲ. ನೆಲದ ಮೇಲೆ ಏನೂ ಇಲ್ಲ.

ನಾಲ್ಕೂವರೆಗೆ ಮಗಳು ಸ್ಕೂಲ್ ಬ್ಯಾಗ್ ಇಳಿಸುತ್ತಾ "ಅಮ್ಮಾ, ತೆಗೀಲಾ?" ಅಂತಾಳೆ. ತೆಗೆಯುತ್ತಾಳೆ, ಲ್ಯಾಪ್‌ಟಾಪ್ ಕಪಾಟಿಗೆ ಹೋಗುತ್ತದೆ. ಬೆಳಿಗ್ಗೆ ಮತ್ತೆ ಚುಚ್ಚಿದರೆ ನಿನ್ನೆ ಬಿಟ್ಟ ಕಿಟಕಿಗಳು ದೊಡ್ಡ ಪರದೆಯಲ್ಲಿ ಇದ್ದಲ್ಲೇ ಬಂದು ಕೂರುತ್ತವೆ, ವಿಂಡೋಸ್ 11ರಲ್ಲಿ ಅದಕ್ಕೊಂದು ಆಯ್ಕೆ ಇದೆ. ಅತ್ತೆ ಈಗ ಸಂಜೆ ಹೂವು ಕಟ್ಟುವುದು ಅದೇ ಮೇಜಿನ ಇನ್ನೊಂದು ತುದಿಯಲ್ಲಿ, ಮೊಮ್ಮಗಳು ಓದುವಾಗ. ಮೊನ್ನೆ ಕೇಬಲ್ಲಿನ ದಾರ ಬಿಚ್ಚಿಕೊಂಡಿದ್ದನ್ನು ನೋಡಿ, ತಮ್ಮ ಹೂವಿನ ಬುಟ್ಟಿಯಿಂದ ಬಾಳೆನಾರು ತೆಗೆದು ಕಟ್ಟಿಟ್ಟಿದ್ದರು.